ಆಕ್ಟೇವಿಯಾ ಆರ್‌ಎಸ್‌ಗೆ ಟ್ರ್ಯಾಕ್ ಡೇ ಕೂಲಿಂಗ್: ದೊಡ್ಡ ರೇಡಿಯೇಟರ್ ತರಿಸುವ ಮುಂಚೆ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರು ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಹೆಸರು ಕೊಟ್ಟ ಮೇಲೆ ಮೊದಲು ಕೇಳುವುದು ‘ಯಾವ ರೇಡಿಯೇಟರ್ ತರಿಸಲಿ?’ ಅಂತ. ಮಿಶಿಮೋಟೊ, ಸಿಎಸ್‌ಎಫ್ ಮುಂತಾದ ಕಂಪನಿಗಳ ಪೂರ್ತಿ ಅಲ್ಯುಮಿನಿಯಂ ರೇಡಿಯೇಟರ್‌ಗಳು ಒಳ್ಳೆಯ ಮಾಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಾರಿನ ಮಟ್ಟಿಗೆ ಅದು ಕೊನೆಯ ಖರ್ಚು. ಪಂಪ್ ಹೌಸಿಂಗ್, ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಮತ್ತು ಅದನ್ನು ತುಂಬುವ ವಿಧಾನ, ಗಾಳಿ ಸೋರುವ ಸಂದುಗಳು, ಆಯಿಲ್ ಕೂಲರ್, ಈ ನಾಲ್ಕೂ ಅದಕ್ಕಿಂತ ಮುಂಚೆ ಬರಬೇಕು. ಈ ಕ್ರಮ ತಪ್ಪಿದರೆ ರೇಡಿಯೇಟರ್‌ಗೆ ಕೊಟ್ಟ ದುಡ್ಡಿಗೆ ಅರ್ಧ ಫಲವೂ ಸಿಗುವುದಿಲ್ಲ.

ಇಲ್ಲಿ ಹೇಳುವುದೆಲ್ಲ ನಮ್ಮಲ್ಲಿ ಮಾರಾಟವಾದ ಈ ಎರಡು ಕಾರುಗಳಿಗೆ ಮಾತ್ರ ಅನ್ವಯ: 2017ರಲ್ಲಿ ಬಂದ ಆರ್‌ಎಸ್ 230, ಮತ್ತು 2020ರಲ್ಲಿ ಬರೀ 200 ಕಾರು ಬಂದ ಆರ್‌ಎಸ್ 245. ಎರಡರಲ್ಲೂ ಇರುವುದು ಇಎ888 ಮೂರನೇ ತಲೆಮಾರಿನ 2 ಲೀಟರ್ ಟರ್ಬೊ ಇಂಜಿನ್. ಸ್ಕೋಡಾದ ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್ ಹೊರದೇಶದಲ್ಲಿ ಮಾರಿದ ಏಳನೇ ತಲೆಮಾರಿನ ಗಾಲ್ಫ್ ಜಿಟಿಐಯಲ್ಲಿ ಇರುವುದೂ ಇದೇ. ಹಾಗಾಗಿ ಪಾರ್ಟ್ಸ್‌ಗೆ ಬರವಿಲ್ಲ. ಬೆಂಗಳೂರಿನವರ ಕಷ್ಟ ಬೇರೆ. ಸುಮಾರು 300 ಕಿಲೋಮೀಟರ್ ಓಡಿಸಿಕೊಂಡು ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈಗೆ ಹೋಗಬೇಕು, 3.7 ಕಿಲೋಮೀಟರ್‌ನ ಟ್ರ್ಯಾಕ್‌ನಲ್ಲಿ 35 ಡಿಗ್ರಿ ಸೆಕೆಯಲ್ಲಿ ಹದಿನೈದಿಪ್ಪತ್ತು ನಿಮಿಷದ ಸೆಷನ್‌ಗಳನ್ನು ಮುಗಿಸಬೇಕು, ಸಂಜೆ ಅದೇ ಕಾರಿನಲ್ಲಿ ಮನೆಗೆ ಬರಬೇಕು. ಟ್ರೈಲರ್ ಮೇಲೆ ಬರುವ ರೇಸ್ ಕಾರಿಗೆ ಹೊಂದುವ ಉಪಾಯಗಳೆಲ್ಲ ಈ ಕಾರಿಗೆ ಹೊಂದುವುದಿಲ್ಲ.

ಬಿಸಿ ಎಲ್ಲಿಂದ ಬರುತ್ತದೆ

230 ಪಿಎಸ್ ಅಂದರೆ 169 ಕಿಲೋವ್ಯಾಟ್. ಪೆಟ್ರೋಲ್ ಇಂಜಿನ್‌ನಲ್ಲಿ ಇಂಧನದ ಶಾಖದ ಸುಮಾರು ಮೂರನೇ ಒಂದು ಪಾಲು ಚಕ್ರಕ್ಕೆ, ಇನ್ನೊಂದು ಪಾಲು ಸೈಲೆನ್ಸರ್‌ಗೆ, ಉಳಿದದ್ದು ಕೂಲಿಂಗ್‌ಗೆ ಅಂತ ಹಳೆಯ ಅಂದಾಜಿದೆ. ಆ ಲೆಕ್ಕದಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕೂಲೆಂಟ್ ಹೊತ್ತುಕೊಂಡು ಹೋಗಬೇಕಾದ ಶಾಖ 100 ಕಿಲೋವ್ಯಾಟ್‌ಗೂ ಮೇಲೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್‌ಗಳನ್ನು ಐವತ್ತು ಒಟ್ಟಿಗೆ ಹಾಕಿದ ಹಾಗೆ. ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಇದು ಐದಾರು ಸೆಕೆಂಡ್ ಮಾತ್ರ. ಟ್ರ್ಯಾಕ್‌ನಲ್ಲಿ ಲ್ಯಾಪ್ ಮೇಲೆ ಲ್ಯಾಪ್, ಬ್ರೇಕ್ ಮತ್ತು ತಿರುವಿನ ಹೊತ್ತು ಬಿಟ್ಟರೆ ಮಿಕ್ಕಿದ್ದೆಲ್ಲ ಇದೇ.

ಈ ಇಂಜಿನ್‌ಗೆ ಇನ್ನೊಂದು ವಿಶೇಷ ಇದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೊರಗೆ ನೇತಾಡುವುದಿಲ್ಲ, ಸಿಲಿಂಡರ್ ಹೆಡ್ ಒಳಗೇ ಎರಕ ಹೊಯ್ದಿದ್ದಾರೆ, ಅದರ ಸುತ್ತ ಕೂಲೆಂಟ್ ಹರಿಯುತ್ತದೆ. ಬೆಳಗ್ಗೆ ಬೇಗ ಬಿಸಿಯಾಗಲು, ಟರ್ಬೊಗೆ ಹೋಗುವ ಹೊಗೆಯನ್ನು ತಣಿಸಲು ಇದು ಜಾಣ ಉಪಾಯ. ಆದರೆ ಟ್ರ್ಯಾಕ್‌ನಲ್ಲಿ ಆ ಶಾಖವೂ ನೀರಿನ ತಲೆಗೇ ಬರುತ್ತದೆ. ಇಂಜಿನ್ ಆಯಿಲ್ ತಣಿಯುವುದು ಕೂಲೆಂಟ್‌ನಿಂದ. ಆರ್‌ಎಸ್ 230ರ ಆರು ಗೇರ್‌ನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಎಣ್ಣೆ ತಣಿಯುವುದೂ ಕೂಲೆಂಟ್‌ನಿಂದಲೇ. ಇನ್ನು ಮುಂಭಾಗದ ಜೋಡಣೆ ನೋಡಿ. ಬಂಪರ್ ಹಿಂದೆ ಮೊದಲು ಎಸಿ ಕಂಡೆನ್ಸರ್, ಅದರ ಹಿಂದೆ ಇಂಟರ್‌ಕೂಲರ್ (ಟರ್ಬೊದಿಂದ ಇಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವುದು), ಅದರ ಹಿಂದೆ ರೇಡಿಯೇಟರ್, ಕೊನೆಗೆ ಫ್ಯಾನ್. ಮುಂದಿನ ಇಬ್ಬರು ಉಂಡು ಬಿಟ್ಟ ಬಿಸಿ ಗಾಳಿಯಲ್ಲಿ ರೇಡಿಯೇಟರ್ ಊಟ ಮಾಡಬೇಕು.

ಮೀಟರ್‌ನ ಮುಳ್ಳನ್ನು ನಂಬಬೇಡಿ. ಅದು ನಿಜವಾದ ತಾಪ ತೋರಿಸುವುದಿಲ್ಲ. ಕೂಲೆಂಟ್ 75ರ ಆಸುಪಾಸಿನಿಂದ 105 ದಾಟುವವರೆಗೂ ಅದು 90ರಲ್ಲೇ ಕೂತಿರುವಂತೆ ಕಂಪನಿಯವರೇ ಮಾಡಿದ್ದಾರೆ. ಮುಳ್ಳು ಅಲುಗಾಡುವ ಹೊತ್ತಿಗೆ ಪರಿಸ್ಥಿತಿ ಕೈ ಮೀರಿರುತ್ತದೆ. ಒಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಸಾಕೆಟ್) ಹಾಕುವ ಒಂದು ಸಾಧಾರಣ ಬ್ಲೂಟೂತ್ ಡಾಂಗಲ್, ಫೋನ್‌ನಲ್ಲಿ ಒಂದು ಆ್ಯಪ್, ಇವಿಷ್ಟೇ ಮೊದಲ ಖರೀದಿ. ಕೂಲೆಂಟ್ ತಾಪ ಮತ್ತು ಒಳಬರುವ ಗಾಳಿಯ ತಾಪ ಅದರಲ್ಲಿ ಕಾಣುತ್ತದೆ. ಆಯಿಲ್ ತಾಪ ಕಾರಿನ ಪರದೆಯಲ್ಲೇ ಇದೆ. ಡಿಎಸ್‌ಜಿ ಎಣ್ಣೆಯ ತಾಪ ನೋಡಲು ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಎಂಬ ಡಯಾಗ್ನೋಸ್ಟಿಕ್ ಉಪಕರಣ ಬೇಕು. ಒಂದು ಟ್ರ್ಯಾಕ್ ಡೇಯ ಅಂಕಿಗಳನ್ನು ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಯಾವ ಪಾರ್ಟ್‌ಗಾದರೂ ಆರ್ಡರ್ ಕೊಡಿ. ಕೂಲೆಂಟ್ 105 ಮುಟ್ಟಿದರೆ ಒಂದು ಲ್ಯಾಪ್ ನಿಧಾನ, 110 ದಾಟಿದರೆ ಸೆಷನ್ ಅಲ್ಲಿಗೆ ಮುಗಿಯಿತು. ಆಯಿಲ್ 130ಕ್ಕೆ ಬಂದರೆ ನಿಧಾನ, 140ಕ್ಕೆ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ವಾಪಸ್. ಈ ಗೆರೆಗಳನ್ನು ಹಾಕಿಕೊಂಡು ಓಡಿಸಿದವರ ಇಂಜಿನ್‌ಗಳು ಬಾಳುತ್ತವೆ.

ಪಂಪ್ ಮತ್ತು ಥರ್ಮೋಸ್ಟಾಟ್ ಹೌಸಿಂಗ್: ಮೊದಲು ಇದನ್ನು ನೋಡಿ

ಇಎ888 ಇಂಜಿನ್‌ನ ಎಲ್ಲರಿಗೂ ಗೊತ್ತಿರುವ ದುರ್ಬಲ ಜಾಗ ಇದು. ವಾಟರ್ ಪಂಪ್, ಥರ್ಮೋಸ್ಟಾಟ್ ಕೆಲಸ ಮಾಡುವ ತಿರುಗು ವಾಲ್ವ್‌ಗಳು, ಎಲ್ಲ ಒಂದೇ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿ ಕೂತಿವೆ. ಪಂಪ್‌ಗೆ ಬ್ಯಾಲೆನ್ಸರ್ ಶಾಫ್ಟ್‌ನಿಂದ ಒಂದು ಪುಟ್ಟ ಹಲ್ಲಿನ ಬೆಲ್ಟ್ ಬರುತ್ತದೆ. ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ ತಣಿದು ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಸೀಲ್ ಹಿಡಿತ ಬಿಡುತ್ತದೆ. ರಸ್ತೆಯಲ್ಲಿ ತಿಂಗಳಿಗೆ ಒಂದಿಷ್ಟು ಕೂಲೆಂಟ್ ಕಡಿಮೆಯಾಗುವ ಕಾರು ಟ್ರ್ಯಾಕ್‌ನಲ್ಲಿ ಒಂದೇ ದಿನದಲ್ಲಿ ಖಾಲಿಯಾಗಬಹುದು.

ಪತ್ತೆ ಹಚ್ಚುವುದು ಹೀಗೆ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮ್ಯಾನಿಫೋಲ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಒಣಗಿದ ಕೂಲೆಂಟ್ ತಿಳಿ ಗುಲಾಬಿ ಬಣ್ಣದ ಪುಡಿಯಾಗಿ, ಉಪ್ಪು ಕಟ್ಟಿದ ಹಾಗೆ, ಹೌಸಿಂಗ್ ಅಂಚಿನಲ್ಲೂ ಅದರ ಕೆಳಗೆ ಗೇರ್‌ಬಾಕ್ಸ್ ಮೇಲೂ ಅಂಟಿಕೊಂಡಿರುತ್ತದೆ. ಬೆರಳಿಗೆ ತಾಗಿದರೆ ಜಿಗುಟು, ಮೂಗಿಗೆ ಸಿಹಿ ವಾಸನೆ. ಹನಿ ನೆಲಕ್ಕೆ ಬೀಳುವುದೇ ಇಲ್ಲ, ಬಿಸಿಗೆ ಮೊದಲೇ ಆರಿಹೋಗುತ್ತದೆ. ಪಾರ್ಕಿಂಗ್ ಜಾಗ ಒಣಗಿದೆ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಅನುಮಾನವಿದ್ದರೆ ಕೂಲೆಂಟ್ ತುಂಬುವ ಟ್ಯಾಂಕ್ (ಎಕ್ಸ್‌ಪಾನ್ಶನ್ ಟ್ಯಾಂಕ್) ಬಾಯಿಗೆ ಪ್ರೆಶರ್ ಟೆಸ್ಟರ್ ಹಾಕಿ 1 ಬಾರ್‌ವರೆಗೆ ಪಂಪ್ ಮಾಡಿ ಹತ್ತು ನಿಮಿಷ ಬಿಡಿ, ಮುಳ್ಳು ಇಳಿಯಬಾರದು.

ಬದಲಾಯಿಸುವುದಾದರೆ ಕಂಪನಿಯ ಹೊಸ ಆವೃತ್ತಿಯ ಪೂರ್ತಿ ಜೋಡಣೆ ಹಾಕಿಸಿ, ಬೆಲ್ಟನ್ನೂ ಸೇರಿಸಿ. ಅಲ್ಯುಮಿನಿಯಂ ಹೌಸಿಂಗ್‌ಗಳೂ ಈಗ ಸಿಗುತ್ತವೆ. ಹೌಸಿಂಗ್ ಸೊಟ್ಟಗಾಗುವುದಿಲ್ಲ ಅನ್ನುವುದು ನಿಜ, ಆದರೆ ಒಳಗಿನ ಸೀಲ್‌ಗಳು ರಬ್ಬರೇ. ಹಾಗಾಗಿ ಅಗ್ಗದ, ಹೆಸರಿಲ್ಲದ ಅಲ್ಯುಮಿನಿಯಂ ಹೌಸಿಂಗ್‌ಗಿಂತ ಕಂಪನಿಯ ಪ್ಲಾಸ್ಟಿಕ್ಕೇ ಮೇಲು. ಜೋಡಿಸುವಾಗ ಆಗುವ ದೊಡ್ಡ ತಪ್ಪು ಬೋಲ್ಟ್ ಬಿಗಿ ಮಾಡುವುದರಲ್ಲಿ. ಬೇಕಾದ್ದು 9 ನ್ಯೂಟನ್ ಮೀಟರ್ ಮಾತ್ರ, ಅದೂ ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದ ಕ್ರಮದಲ್ಲೇ. ‘ಇನ್ನೊಂದು ಸುತ್ತು ಇರಲಿ’ ಅಂತ ಕೈಯಳತೆಯಲ್ಲಿ ಎಳೆದರೆ ಹೊಸ ಹೌಸಿಂಗ್ ಅಲ್ಲೇ ಬಿರುಕು ಬಿಡುತ್ತದೆ. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜ್‌ಗೆ ಈ ಕೆಲಸ ಕೊಡಬೇಡಿ.

‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ತಣ್ಣಗಿರುತ್ತೆ’ ಅನ್ನುವ ಸಲಹೆ ಇನ್ನೂ ಸಿಗುತ್ತದೆ. ಹಳೆಯ ಕಾರುಗಳ ಕಾಲದ ಮಾತು ಅದು. ಇಲ್ಲಿ ಕಿತ್ತು ಹಾಕಲು ಬೇರೆ ಥರ್ಮೋಸ್ಟಾಟೇ ಇಲ್ಲ. ತಿರುಗು ವಾಲ್ವ್‌ಗಳನ್ನು ಇಂಜಿನ್ ಕಂಪ್ಯೂಟರೇ ಮೋಟರ್ ಮೂಲಕ ತಿರುಗಿಸುತ್ತದೆ. ಹಗುರ ಓಟದಲ್ಲಿ ಬೇಕೆಂದೇ 105ರ ಹತ್ತಿರ ಇಡುತ್ತದೆ, ಜೋರಾಗಿ ಓಡಿಸಿದಾಗ 85ರ ಕಡೆಗೆ ಇಳಿಸುತ್ತದೆ. ಆ ಮೋಟರ್ ಕೈಕೊಟ್ಟರೆ ಸುಮಾರು 113 ಡಿಗ್ರಿಗೆ ತೆರೆದುಕೊಳ್ಳುವ ಒಂದು ಮೇಣದ ತುರ್ತು ವಾಲ್ವ್ ಇದೆ, ಅಷ್ಟೇ.

ಎಕ್ಸ್‌ಪಾನ್ಶನ್ ಟ್ಯಾಂಕ್ ಮೇಲೆ ‘ಮಿಟ್ ಸಿಲಿಕಾಟ್’ ಅಂತ ಜರ್ಮನ್‌ನಲ್ಲಿ ಬರೆದಿದೆಯೇ ಅಂತಲೂ ನೋಡಿ. ಇದ್ದರೆ ಒಳಗೆ ಸಿಲಿಕಾ ಕಾಳಿನ ಒಂದು ಚೀಲ ಇದೆ ಅಂತ ಅರ್ಥ. ವರ್ಷಗಳು ಕಳೆದ ಮೇಲೆ ಆ ಚೀಲ ಒಡೆದು ಕಾಳು ಕ್ಯಾಬಿನ್ ಬಿಸಿ ಮಾಡುವ ಹೀಟರ್ ಕೋರ್ ಸೇರಿ ಕಟ್ಟಿಕೊಂಡ ಉದಾಹರಣೆಗಳು ಈ ತಲೆಮಾರಿನ ಕಾರುಗಳಲ್ಲಿ ಸಾಕಷ್ಟಿವೆ. ಕೂಲೆಂಟ್ ಬದಲಿಸುವಾಗ ಟ್ಯಾಂಕನ್ನೂ ಬದಲಿಸಿ. ಮುಚ್ಚಳವನ್ನೂ ಹೊಸದು ಹಾಕಿ. ಅದರ ವಾಲ್ವ್ 1.4ರಿಂದ 1.6 ಬಾರ್ ನಡುವೆ ತೆರೆಯಬೇಕು. 1.4 ಬಾರ್ ಒತ್ತಡ ನಿಂತರೆ ಬರೀ ನೀರೂ ಸುಮಾರು 126 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳ ಸಡಿಲವಾಗಿದ್ದರೆ 100ಕ್ಕೇ ಗುಳ್ಳೆ ಏಳುತ್ತದೆ. ನೂರಾರು ರೂಪಾಯಿಯ ಮುಚ್ಚಳ ಇಂಜಿನ್‌ನ ಹೆಡ್ ಗ್ಯಾಸ್ಕೆಟ್ ಕಾಯುತ್ತದೆ.

ಕೂಲೆಂಟ್: ಯಾವುದು, ಎಷ್ಟು, ಹೇಗೆ

ಫೋಕ್ಸ್‌ವ್ಯಾಗನ್ ದರ್ಜೆಯ ಜಿ13 ಅಥವಾ ಅದರ ನಂತರ ಬಂದ ಜಿ12 ಇವೊ. ಎರಡೂ ಒಂದರೊಳಗೊಂದು ಬೆರೆಯುತ್ತವೆ. ಮೂಲೆ ಅಂಗಡಿಯ ಹಸಿರು ಕೂಲೆಂಟ್ ಮಾತ್ರ ಬೇಡ. ಬೆರೆತರೆ ಟ್ಯಾಂಕ್‌ನಲ್ಲಿರುವುದು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎಷ್ಟು ಸಲ ತೊಳೆದರೂ ಒಳಗಿನ ರಾಡಿ ಪೂರ್ತಿ ಹೋಗುವುದಿಲ್ಲ.

ಸರ್ವಿಸ್ ಸೆಂಟರ್‌ಗಳಲ್ಲಿ ಅರ್ಧಕ್ಕರ್ಧ ಬೆರೆಸುವುದು ವಾಡಿಕೆ. ಟ್ರ್ಯಾಕ್‌ಗೆ 40 ಪಾಲು ಕೂಲೆಂಟ್, 60 ಪಾಲು ನೀರು ಉತ್ತಮ. ಶಾಖ ಹೊರುವುದರಲ್ಲಿ ನೀರನ್ನು ಮೀರಿಸುವುದು ಯಾವುದೂ ಇಲ್ಲ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಬೇಕು, ಅರ್ಧಕ್ಕರ್ಧ ಮಿಶ್ರಣಕ್ಕೆ 3.5ರ ಆಸುಪಾಸು. ಹಾಗಂತ 40ಕ್ಕಿಂತ ಕೆಳಗೆ ಇಳಿಯಬೇಡಿ. ಸೆಕೆಯ ದೇಶದಲ್ಲೂ 40 ಪಾಲು ಇರಲೇಬೇಕು ಅಂತ ಫೋಕ್ಸ್‌ವ್ಯಾಗನ್ ಹೇಳುವುದು ಹಿಮಕ್ಕಲ್ಲ, ಅಲ್ಯುಮಿನಿಯಂಗೆ ತುಕ್ಕು ಹಿಡಿಯದಿರಲಿ ಅಂತ. 8 ಲೀಟರ್ ಹೊಸದಾಗಿ ತುಂಬುವುದಾದರೆ 3.2 ಲೀಟರ್ ಕೂಲೆಂಟ್, 4.8 ಲೀಟರ್ ನೀರು. ಆದರೆ ಕೆಳಗಿನ ಹೋಸ್ ಬಿಚ್ಚಿದರೆ ಹಳೆಯದೆಲ್ಲ ಹೊರಬರುವುದಿಲ್ಲ, ಬ್ಲಾಕ್‌ನಲ್ಲೂ ಹೀಟರ್‌ನಲ್ಲೂ ಸಾಕಷ್ಟು ಉಳಿಯುತ್ತದೆ. ಹಾಗಾಗಿ ಅಳತೆಯ ಪಾತ್ರೆ ನಂಬದೆ ಕೊನೆಗೆ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಒಂದು ಹನಿ ಇಟ್ಟು ನೋಡಿ. ಹೆಪ್ಪುಗಟ್ಟುವ ತಾಪದ ಮಾಪಕದಲ್ಲಿ ಮೈನಸ್ 25 ಡಿಗ್ರಿ ಗೆರೆಗೆ ಬಂದರೆ 40 ಪಾಲು.

ನೀರು ಡಿಸ್ಟಿಲ್ಡ್ ವಾಟರೇ ಆಗಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಗೀಸರ್ ಕಾಯಿಲ್‌ಗೆ ಏನು ಮಾಡುತ್ತದೆ ಅಂತ ಎಲ್ಲರೂ ನೋಡಿದ್ದಾರೆ. ರೇಡಿಯೇಟರ್‌ನ ಸಣ್ಣ ಕೊಳವೆಗಳಿಗೂ ಅದೇ ಗತಿ.

ರೆಡ್ ಲೈನ್‌ನ ವಾಟರ್ ವೆಟರ್ (ಕೂಲಿಂಗ್ ನೀರಿಗೆ ಬೆರೆಸುವ ದ್ರವ) ಬಗ್ಗೆ ಕೇಳುವವರು ಬಹಳ. ಬರೀ ನೀರಿನಲ್ಲಿ ಅದಕ್ಕೆ ನಿಜವಾದ ಉಪಯೋಗವಿದೆ. ಕೂಲೆಂಟ್ ಬೆರೆತ ಕೂಡಲೇ ಅದರ ಫಲ ತಗ್ಗುತ್ತದೆ, 40 ಪಾಲಿನ ಮಿಶ್ರಣಕ್ಕೆ ಅದನ್ನು ಕೊಳ್ಳಬೇಕಾಗಿಲ್ಲ. ಇವಾನ್ಸ್ ಥರದ ನೀರಿಲ್ಲದ ಕೂಲೆಂಟ್ 180 ಡಿಗ್ರಿ ದಾಟಿದರೂ ಕುದಿಯುವುದಿಲ್ಲ ಅನ್ನುವುದು ಸರಿ, ಆದರೆ ಕುದಿಯದಿರುವುದು ಬೇರೆ, ತಣಿಸುವುದು ಬೇರೆ. ಶಾಖ ಹೊರುವ ಶಕ್ತಿ ಅದಕ್ಕೆ ಕಡಿಮೆ, ಇಂಜಿನ್ ಲೋಹ ಇನ್ನಷ್ಟು ಬಿಸಿಯಾಗಿಯೇ ಇರುತ್ತದೆ. ದಾರಿಯಲ್ಲಿ ಸೋರಿದರೆ ವೆಲ್ಲೂರಿನಲ್ಲಿ ನೀರು ಹಾಕಿ ಮನೆಗೆ ಬರುವ ದಾರಿಯೂ ಇಲ್ಲ. ಈ ಕಾರಿಗೆ ಬೇಡ.

ಇನ್ನು ತುಂಬುವುದು. ಹೆಚ್ಚಿನವರು ಎಡವುವುದು ಇಲ್ಲೇ. ಈ ಇಂಜಿನ್‌ನಲ್ಲಿ ಮೇಲಿನಿಂದ ಸುರಿದು, ಇಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ನಿಂತ ಮೇಲೆ ಮುಚ್ಚಿದರೆ ಗಾಳಿ ಪೂರ್ತಿ ಹೋಗುವುದಿಲ್ಲ. ವಾಲ್ವ್‌ಗಳು ಮುಚ್ಚಿರುವ ದಾರಿಗಳಲ್ಲಿ, ಹೆಡ್‌ನ ಮೇಲ್ಭಾಗದಲ್ಲಿ ಅದು ಉಳಿದುಬಿಡುತ್ತದೆ. ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಟ್ರ್ಯಾಕ್‌ನ ಮೂರನೇ ಲ್ಯಾಪ್‌ನಲ್ಲಿ ತಾಪ ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಕಂಪ್ರೆಸರ್‌ಗೆ ಸಿಕ್ಕಿಸುವ ವ್ಯಾಕ್ಯೂಮ್ ಫಿಲ್ಲರ್ ಬಳಸಿ. ಟ್ಯಾಂಕ್ ಬಾಯಿಗೆ ಕೂರಿಸಿ ಒಳಗಿನ ಗಾಳಿಯನ್ನು ಎಳೆದಾಗ ರಬ್ಬರ್ ಹೋಸ್‌ಗಳು ಚಪ್ಪಟೆಯಾಗುವುದು ಕಣ್ಣಿಗೇ ಕಾಣುತ್ತದೆ. ಮುಳ್ಳು ಇನ್ನು ಕೆಳಗಿಳಿಯುವುದು ನಿಂತ ಮೇಲೆ ಕಂಪ್ರೆಸರ್ ನಿಲ್ಲಿಸಿ ಐದು ನಿಮಿಷ ಕಾಯಿರಿ. ಮುಳ್ಳು ಅಲ್ಲೇ ನಿಂತರೆ ಎಲ್ಲೂ ಸೋರಿಕೆ ಇಲ್ಲ. ಆಮೇಲೆ ಕೂಲೆಂಟ್ ಬಕೆಟ್‌ಗೆ ಅದ್ದಿದ ಪೈಪ್‌ನ ವಾಲ್ವ್ ತಿರುಗಿಸಿದರೆ ಅದೇ ಎಳೆದುಕೊಳ್ಳುತ್ತದೆ. ಪೈಪ್‌ನ ತುದಿ ಕೊನೆವರೆಗೂ ಮುಳುಗಿಯೇ ಇರಬೇಕು. ಕಡೆಗೆ ವಿಸಿಡಿಎಸ್‌ನಲ್ಲಿ ಕೂಲಿಂಗ್ ಸಿಸ್ಟಮ್ ಬ್ಲೀಡಿಂಗ್ ರೂಟೀನ್ ಓಡಿಸಿ, ತಣ್ಣಗಾದ ಮೇಲೆ ಮಟ್ಟ ನೋಡಿ.

ಗಾಳಿಯ ದಾರಿ: ಅತಿ ಅಗ್ಗದ ಅಪ್‌ಗ್ರೇಡ್

ಬಂಪರ್ ಬಾಯಿಂದ ಒಳಬಂದ ಗಾಳಿ ಸುಲಭದ ದಾರಿ ಹುಡುಕುತ್ತದೆ. ರೇಡಿಯೇಟರ್‌ನ ದಟ್ಟ ಫಿನ್‌ಗಳ ನಡುವೆ ನುಸುಳುವುದಕ್ಕಿಂತ ಅದರ ಪಕ್ಕದ ಸಂದಿನಲ್ಲಿ ಹೋಗುವುದು ಅದಕ್ಕೆ ಸಲೀಸು. ಕಾರ್ಖಾನೆಯಿಂದ ಬರುವಾಗ ಪಕ್ಕದಲ್ಲಿ ಪ್ಲಾಸ್ಟಿಕ್ ತಡೆಗಳಿರುತ್ತವೆ. ಒಮ್ಮೆ ಬಂಪರ್ ರಿಪೇರಿಯಾದ ಕಾರಿನಲ್ಲಿ ಅವು ಮುರಿದಿರುತ್ತವೆ, ಇಲ್ಲವೇ ವಾಪಸ್ ಹಾಕಿಯೇ ಇರುವುದಿಲ್ಲ. ಬಂಪರ್ ಬಿಚ್ಚಿದಾಗ ಒಬ್ಬರು ಇಂಜಿನ್ ಕಡೆಯಿಂದ ಟಾರ್ಚ್ ಹಿಡಿಯಲಿ, ಇನ್ನೊಬ್ಬರು ಮುಂದೆ ನಿಂತು ನೋಡಲಿ. ಬೆಳಕು ಕಂಡ ಕಡೆಯೆಲ್ಲ ಗಾಳಿ ಸೋರುತ್ತದೆ. 10ರಿಂದ 20 ಮಿಲಿಮೀಟರ್ ದಪ್ಪದ, ನೀರು ಹೀರದ ಫೋಮ್ ಪಟ್ಟಿ ಅಂಟಿಸಿ ಆ ಸಂದುಗಳನ್ನು ಮುಚ್ಚಿ. ಹಾಸಿಗೆಯ ಸ್ಪಂಜ್ ಬೇಡ, ಮಳೆಗೆ ನೆನೆದು ಕಳಚಿ ಬೀಳುತ್ತದೆ. ದೊಡ್ಡ ತೂತುಗಳಿಗೆ ತೆಳು ಅಲ್ಯುಮಿನಿಯಂ ಶೀಟ್ ಕತ್ತರಿಸಿ ರಿವೆಟ್ ಮಾಡಿ.

ಹಾಗೇ ಕಂಡೆನ್ಸರ್ ಮತ್ತು ಇಂಟರ್‌ಕೂಲರ್ ನಡುವೆ ಇಣುಕಿ. ಹೈವೇಯ ಹುಳ, ಮರದ ಹತ್ತಿ, ಕೆಮ್ಮಣ್ಣು ಸೇರಿ ಅಲ್ಲಿ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ಹಿಂದಿನಿಂದ ಮುಂದಕ್ಕೆ ಸಾಧಾರಣ ನೀರಿನ ಪೈಪ್‌ನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿಗೆ ದಾರಿಯೇ ಇಲ್ಲ.

ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಟ್ರೇ ತೆಗೆದರೆ ತಣ್ಣಗಾಗುತ್ತದೆ ಅನ್ನುವ ನಂಬಿಕೆ ತಪ್ಪು. ರೇಡಿಯೇಟರ್ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರುವ ವ್ಯತ್ಯಾಸವೇ ಗಾಳಿಯನ್ನು ಎಳೆಯುವುದು. ಟ್ರೇ ತೆಗೆದರೆ ಕಾರಿನ ಕೆಳಗಿನ ಗಾಳಿ ಇಂಜಿನ್ ಕೋಣೆಗೆ ನುಗ್ಗಿ ಆ ವ್ಯತ್ಯಾಸ ಕಡಿಮೆಯಾಗುತ್ತದೆ. ಟ್ರೇ ಇರಲಿ. ನಂಬರ್ ಪ್ಲೇಟ್ ಗಾಳಿಯ ಬಾಯಿಗೆ ಅಡ್ಡ ಇದ್ದರೆ ಟ್ರ್ಯಾಕ್‌ನಲ್ಲಿ ಮಾತ್ರ ಬಿಚ್ಚಿ, ವಾಪಸ್ ಹೊರಡುವಾಗ ಹಾಕಿಕೊಳ್ಳಿ. ದೊಡ್ಡ ಫ್ಯಾನ್‌ಗೆ ದುಡ್ಡು ಹಾಕಬೇಡಿ, 60-70 ವೇಗ ದಾಟಿದ ಮೇಲೆ ಕಾರಿನ ಓಟದ ಗಾಳಿಯೇ ಕೆಲಸ ಮಾಡುತ್ತದೆ. ಎಸಿ ಮಾತ್ರ ಸೆಷನ್ ಪೂರ್ತಿ ಆಫ್, ಎಷ್ಟೇ ಬೆವರಿದರೂ.

ಆಯಿಲ್ ಕೂಲರ್: ದುಡ್ಡು ಹಾಕಬೇಕಾದ ಜಾಗ

ಈ ಕಾರಿಗೆ ಒಂದೇ ಒಂದು ದೊಡ್ಡ ಪಾರ್ಟ್ ಕೊಳ್ಳುವ ಶಕ್ತಿ ಇದ್ದರೆ ಇದನ್ನೇ ಕೊಳ್ಳಿ. ಈಗ ಆಯಿಲ್‌ನ ಬಿಸಿ ಕೂಲೆಂಟ್‌ಗೆ ಹೋಗುತ್ತದೆ, ಕೂಲೆಂಟ್ ಬಿಸಿಯಾದಷ್ಟೂ ಆಯಿಲ್ ಇನ್ನೂ ಮೇಲೆ ಹೋಗುತ್ತದೆ. ಆಯಿಲ್‌ಗೆ ಅದರದೇ ಗಾಳಿಯ ಕೂಲರ್ ಕೊಟ್ಟರೆ ಎರಡರ ಭಾರವೂ ಇಳಿಯುತ್ತದೆ.

ಸ್ವೀಡನ್‌ನ ಸೆಟ್ರಾಬ್, ಬ್ರಿಟನ್‌ನ ಮೊಕಾಲ್ ಈ ಕೆಲಸದಲ್ಲಿ ಹಳೆಯ ಹೆಸರುಗಳು. 19 ಸಾಲಿನ ಕೋರ್ ಈ ಕಾರಿಗೆ ಸಾಕು. 25 ಸಾಲಿನದಕ್ಕೆ ಬಂಪರ್ ಹಿಂದೆ ಜಾಗ ಹೊಂದಿಸಲು ಪರದಾಡಬೇಕು. ಹೋಸ್ 10 ಎಎನ್ ಅಳತೆಯದು, ಸೆಟ್ರಾಬ್ ಕೋರ್‌ನ ಬಾಯಿ ಎಂ22 ಥ್ರೆಡ್, ಅಡಾಪ್ಟರ್ ಫಿಟ್ಟಿಂಗ್ ಮರೆಯದೆ ಸೇರಿಸಿ ತರಿಸಿ. ಫಿಲ್ಟರ್ ಮತ್ತು ಇಂಜಿನ್ ನಡುವೆ ಕೂರುವ ಸಾಮಾನ್ಯ ಸ್ಯಾಂಡ್‌ವಿಚ್ ಪ್ಲೇಟ್ ಕಿಟ್ ಅಗ್ಗಕ್ಕೆ ಸಿಗುತ್ತದೆ ಅಂತ ತರಿಸಿ ಮೋಸ ಹೋಗಬೇಡಿ. ತಿರುಗಿಸಿ ಹಾಕುವ ಡಬ್ಬಿ ಫಿಲ್ಟರ್ ಇರುವ ಇಂಜಿನ್‌ಗೆ ಅದು ಸರಿ. ಈ ಇಂಜಿನ್‌ನಲ್ಲಿ ಫಿಲ್ಟರ್ ಮೇಲ್ಗಡೆಯ ಪ್ಲಾಸ್ಟಿಕ್ ಮುಚ್ಚಳದ ಒಳಗಿನ ಕಾಗದದ ಕಾರ್ಟ್ರಿಜ್, ಪ್ಲೇಟ್ ಕೂರಿಸಲು ಜಾಗವೇ ಇಲ್ಲ. ಇಎ888 ಮೂರನೇ ತಲೆಮಾರಿಗೆಂದೇ ಮಾಡಿದ ಅಡಾಪ್ಟರ್ ಇರುವ ಕಿಟ್ ಬೇಕು. ರೇಸಿಂಗ್‌ಲೈನ್ ಅಂಥ ಪೂರ್ತಿ ಕಿಟ್ ಮಾಡುತ್ತದೆ. ಬೆಲೆ ಜಾಸ್ತಿ, ಆದರೆ ಬ್ರಾಕೆಟ್, ಹೋಸ್ ಉದ್ದ ಎಲ್ಲ ಅಳತೆಗೆ ಬರುವುದರಿಂದ ಗ್ಯಾರೇಜ್‌ನ ಎರಡು ದಿನದ ಕೂಲಿ ಉಳಿಯುತ್ತದೆ.

ಥರ್ಮೋಸ್ಟಾಟ್ ಇಲ್ಲದ ಕಿಟ್ ಮಾತ್ರ ಬೇಡವೇ ಬೇಡ. 80 ಡಿಗ್ರಿಯ ಸುತ್ತ ತೆರೆಯುವ ಥರ್ಮೋಸ್ಟಾಟ್ ಇದ್ದರೆ ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಆಫೀಸಿಗೆ ಹೋಗುವಾಗ ಆಯಿಲ್ ಬಿಸಿಯಾಗಲು ಬಿಡುತ್ತದೆ. ಇಲ್ಲದಿದ್ದರೆ ಆಯಿಲ್ 70 ಕೂಡ ಮುಟ್ಟದೆ ಓಡುತ್ತದೆ, ಅದರಲ್ಲಿ ಸೇರಿದ ಪೆಟ್ರೋಲ್ ಮತ್ತು ನೀರಿನ ಅಂಶ ಆರುವುದಿಲ್ಲ. ಟ್ರ್ಯಾಕ್‌ಗೆ ವರ್ಷಕ್ಕೆ ನಾಲ್ಕು ಸಲ ಹೋಗುವ ಕಾರು ಮಿಕ್ಕ ದಿನವೆಲ್ಲ ಹೀಗೆ ಸವೆಯುತ್ತದೆ.

ಕೂಲರ್ ಕೂರಿಸುವಾಗ ಬಾಯಿಗಳು ಮೇಲೆ ಅಥವಾ ಪಕ್ಕಕ್ಕೆ ಇರಲಿ, ಕೆಳಮುಖವಾದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಫಾಗ್ ಲ್ಯಾಂಪ್ ಹಿಂದಿನ ಮೂಲೆಯಲ್ಲಿ ಇಡುವುದಾದರೆ ಗಾಳಿ ಹೊರಹೋಗಲು ಫೆಂಡರ್ ಲೈನರ್‌ನಲ್ಲಿ ಕಿಂಡಿ ಕೊರೆಯಬೇಕು. ಹೊರಹೋಗುವ ದಾರಿ ಇಲ್ಲದ ಕಡೆ ಒಳಬರುವ ಗಾಳಿಯೂ ಇಲ್ಲ. ಹೋಸ್‌ಗಳನ್ನು ಟರ್ಬೊ ಪೈಪ್‌ನಿಂದ ದೂರ ಒಯ್ಯಿರಿ, ಲೋಹಕ್ಕೆ ತಾಗುವ ಕಡೆ ರಬ್ಬರ್ ಇರುವ ಕ್ಲಾಂಪ್ ಹಾಕಿ. ಉಕ್ಕಿನ ಜಾಲರಿ ಹೆಣೆದ ಹೋಸ್ ನೋಡಲು ಗಟ್ಟಿ, ಆದರೆ ಅದು ಉಜ್ಜಿದ್ದನ್ನೆಲ್ಲ ಅರ ಹಾಕಿದ ಹಾಗೆ ಕೊರೆಯುತ್ತದೆ, ಪಕ್ಕದ ಎಸಿ ಪೈಪ್ ತೂತಾಗಲು ಒಂದು ಸೀಸನ್ ಸಾಕು.

ಆಯಿಲ್ ಅಳತೆಯಲ್ಲೂ ಎಡವುತ್ತಾರೆ. ಇಂಜಿನ್‌ಗೆ 5.7 ಲೀಟರ್, ಕೂಲರ್ ಮತ್ತು ಹೋಸ್‌ಗೆ ಇನ್ನೂ ಮುಕ್ಕಾಲು ಲೀಟರ್ ಹತ್ತಿರ. ಥರ್ಮೋಸ್ಟಾಟ್ ತೆರೆಯುವ ಮುಂಚೆ ಡಿಪ್‌ಸ್ಟಿಕ್ ನೋಡಿದರೆ ಎಲ್ಲ ಸರಿಯಿದ್ದ ಹಾಗೆ ಕಾಣುತ್ತದೆ. ಆಯಿಲ್ 90 ದಾಟುವವರೆಗೆ ಓಡಿಸಿ, ಐದು ನಿಮಿಷ ನಿಲ್ಲಿಸಿ, ಆಮೇಲೆ ನೋಡಿ ತುಂಬಿ. ಆಯಿಲ್ 5ಡಬ್ಲ್ಯು-40 ದರ್ಜೆಯದು, ವಿಡಬ್ಲ್ಯು 502 00 ಒಪ್ಪಿಗೆ ಇರುವುದು, ಮೊಟುಲ್ 8100 ಎಕ್ಸ್-ಸೆಸ್ ಥರದ್ದು. ಟ್ರ್ಯಾಕ್ ಡೇ ಆದ ಮೇಲೆ 15,000 ಕಿಲೋಮೀಟರ್ ಕಾಯಬೇಡಿ. ಎರಡು ಟ್ರ್ಯಾಕ್ ಡೇಗೆ ಒಂದು ಬದಲಾವಣೆ ನ್ಯಾಯ.

ಡಿಎಸ್‌ಜಿಯನ್ನೂ ಮರೆಯಬೇಡಿ. ಆರ್‌ಎಸ್ 230ರ ಗೇರ್‌ಬಾಕ್ಸ್ 138 ಡಿಗ್ರಿಗೆ ಇಂಜಿನ್ ಟಾರ್ಕ್ ಇಳಿಸಲು ಹೇಳುತ್ತದೆ, 145 ದಾಟಿದರೆ ಕ್ಲಚ್‌ಗಳನ್ನೇ ಬಿಟ್ಟುಬಿಡುತ್ತದೆ. ಕಂಪನಿ 60,000 ಕಿಲೋಮೀಟರ್‌ಗೆ ಎಣ್ಣೆ ಬದಲಿಸಿ ಅನ್ನುತ್ತದೆ. ಟ್ರ್ಯಾಕ್‌ಗೆ ಹೋಗುವ ಕಾರಿಗೆ 30,000ಕ್ಕೇ, ಫಿಲ್ಟರ್ ಸಮೇತ. ಸುಮಾರು 5.2 ಲೀಟರ್ ಬೇಕು.

ಕೊನೆಗೆ ರೇಡಿಯೇಟರ್

ಮೇಲಿನದೆಲ್ಲ ಆದ ಮೇಲೂ ಫೋನ್ ಪರದೆಯಲ್ಲಿ ಕೂಲೆಂಟ್ 105ರ ಮೇಲೆ ನಿಲ್ಲುತ್ತಿದ್ದರೆ, ಇಲ್ಲವೇ ಕಾರಿಗೆ ಸ್ಟೇಜ್ 1 ಟ್ಯೂನ್ (ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಆಗಿದ್ದರೆ ರೇಡಿಯೇಟರ್ ಬದಲಿಸಿ. ಕಂಪನಿಯದು ಅಲ್ಯುಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕನ್ನು ರಬ್ಬರ್ ಇಟ್ಟು ಮಡಚಿ ಕಚ್ಚಿಸಿದ್ದು. ವಯಸ್ಸಾದ ಮೇಲೆ ಆ ಮಡಿಕೆಯಲ್ಲೇ ಜಿನುಗುತ್ತದೆ. ಪೂರ್ತಿ ಅಲ್ಯುಮಿನಿಯಂ ರೇಡಿಯೇಟರ್‌ನ ಮೊದಲ ಲಾಭ ತಾಪ ಇಳಿಯುವುದಲ್ಲ, ಟ್ಯಾಂಕ್ ವೆಲ್ಡ್ ಆಗಿರುವುದರಿಂದ ಆ ಮಡಿಕೆಯೇ ಇಲ್ಲದಿರುವುದು. ಐದಾರು ವರ್ಷ ದಾಟಿದ ಕಾರಿಗೆ ಅದೊಂದೇ ಸಾಕಷ್ಟು ಕಾರಣ. ದಪ್ಪ ಕೋರ್ ತಾಪವನ್ನೂ ಇಳಿಸುತ್ತದೆ, ಆದರೆ ದಪ್ಪಗಾದಷ್ಟೂ ಗಾಳಿ ನುಸುಳುವುದು ಕಷ್ಟ. ಹಾಗಾಗಿಯೇ ಸಂದು ಮುಚ್ಚುವ ಕೆಲಸ ಮೊದಲು.

ಗಾಲ್ಫ್‌ಗೆ ಮಾಡಿದ್ದು ಆಕ್ಟೇವಿಯಾಗೂ ಕೂರುತ್ತದೆ ಅಂತ ಮಾರುವವರು ಹೇಳಿದರೂ ಹೋಸ್ ಬಾಯಿಗಳ ಜಾಗ, ಕೆಳಗಿನ ಗೂಟ, ಫ್ಯಾನ್ ಕ್ಲಿಪ್‌ಗಳನ್ನು ನಿಮ್ಮ ಕಾರಿನ ಫೋಟೊ ಜೊತೆ ಹೋಲಿಸಿಯೇ ದುಡ್ಡು ಕಟ್ಟಿ. ಸುಂಕ, ಐಜಿಎಸ್‌ಟಿ ಸೇರಿ ಬೆಲೆಯ ಮೇಲೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೀಳುತ್ತದೆ, ಪೆಟ್ಟಿಗೆ ದೊಡ್ಡದಾದ್ದರಿಂದ ಸಾಗಣೆಯೂ ದುಬಾರಿ. ಬಂದ ಕೂಡಲೇ ಪೆಟ್ಟಿಗೆ ತೆರೆದು ಮೂಲೆಗಳನ್ನು, ಫಿನ್‌ಗಳನ್ನು ನೋಡಿ, ಒಳಗೆ ಉಳಿದ ಲೋಹದ ಚೂರು ಹೋಗುವವರೆಗೆ ನೀರು ಹರಿಸಿ ತೊಳೆಯಿರಿ.

ಕೂರಿಸಲು ಒಂದು ಪೂರ್ತಿ ದಿನ ಬೇಕು. ಬಂಪರ್ ಬಿಚ್ಚಿ, ಮುಂದಿನ ಚೌಕಟ್ಟನ್ನು ಸರ್ವಿಸ್ ಸ್ಥಾನಕ್ಕೆ ಎಳೆದು, ಎಸಿ ಗ್ಯಾಸ್ ಬಿಡದೆಯೇ ಕಂಡೆನ್ಸರ್ ಬೋಲ್ಟ್ ಬಿಚ್ಚಬಹುದು. ಅದನ್ನು ಪೈಪ್ ಮೇಲೆ ನೇತಾಡಲು ಬಿಡದೆ ಬೆಲ್ಟಿನಿಂದ ಮೇಲಕ್ಕೆ ಕಟ್ಟಿ. ಹೋಸ್‌ಗಳ ಕ್ವಿಕ್ ಕನೆಕ್ಟರ್ ಒಳಗಿನ ಓ-ರಿಂಗ್ ಹೊಸದು ಹಾಕಿ, ಕೂಲೆಂಟ್ ಸವರಿ ಒತ್ತಿ, ಕ್ಲಿಪ್ ‘ಟಕ್’ ಅಂದ ಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಹೊಸ ರೇಡಿಯೇಟರ್ ಸೋರುತ್ತದೆ ಅಂತ ಬರುವ ದೂರುಗಳಲ್ಲಿ ಬಹುಪಾಲು ಈ ಓ-ರಿಂಗ್‌ನದೇ.

ವ್ಯಾಗ್ನರ್ ಥರದ ದೊಡ್ಡ ಇಂಟರ್‌ಕೂಲರ್ ಹಾಕಿಸುವ ಯೋಚನೆ ಇದ್ದರೆ ರೇಡಿಯೇಟರ್ ಜೊತೆಗೇ ಮಾಡಿಸಿ. ಅದು ಕೂರುವುದು ರೇಡಿಯೇಟರ್ ಮುಂದೆಯೇ ಆದ್ದರಿಂದ ಅದೊಂದನ್ನೇ ಹಾಕಿದರೆ ಒಳಬರುವ ಗಾಳಿ ತಣ್ಣಗಾಗುತ್ತದೆ, ಕೂಲೆಂಟ್ ಮಾತ್ರ ಮೇಲಕ್ಕೆ ಹೋಗುತ್ತದೆ. ಟ್ಯೂನ್ ಆಗದ 230 ಪಿಎಸ್ ಕಾರಿಗೆ ಇಂಟರ್‌ಕೂಲರ್ ಬೇಕಾಗಿಲ್ಲ.

ಸೆಷನ್‌ನ ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದೆ, ಮೇಲಿನ ಗೇರ್‌ನಲ್ಲಿ ಓಡಿಸಿ. ತಾಪ ಇನ್ನೂ ಇಳಿಯದಿದ್ದರೆ ಹೀಟರ್ ಪೂರ್ತಿ ತಿರುಗಿಸಿ ಕಿಟಕಿ ಇಳಿಸಿ, ಅದೂ ಒಂದು ಪುಟ್ಟ ರೇಡಿಯೇಟರೇ. ಪಿಟ್‌ಗೆ ಬಂದು ಬಾನೆಟ್ ತೆರೆದು ಎರಡು ಮೂರು ನಿಮಿಷ ಇಂಜಿನ್ ಓಡಲಿ, ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಟ್ಯಾಂಕ್ ಮುಚ್ಚಳಕ್ಕೆ ಕೈ ಹಾಕಬೇಡಿ. ಬೆಳಗ್ಗೆ ಮನೆಯಿಂದ ಹೊರಡುವ ಮುಂಚೆ ತಣ್ಣಗಿರುವಾಗ ಟ್ಯಾಂಕ್ ಮೇಲೆ ಕೂಲೆಂಟ್ ಮಟ್ಟಕ್ಕೆ ಸರಿಯಾಗಿ ಒಂದು ಟೇಪ್ ಅಂಟಿಸಿ. ಮರುದಿನ ಬೆಳಗ್ಗೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಟೇಪ್‌ಗಿಂತ ಒಂದು ಬೆರಳು ಕೆಳಗಿದ್ದರೆ ಮೇಲಿಂದ ತುಂಬಿ ಸುಮ್ಮನಾಗದೆ, ಟಾರ್ಚ್ ತೆಗೆದುಕೊಂಡು ಪಂಪ್ ಹೌಸಿಂಗ್‌ನಿಂದಲೇ ಹುಡುಕಲು ಶುರು ಮಾಡಿ.